ಸಣ್ಣಮ್ಮನ ಟ್ರಂಕು, ನನ್ನ ಎಸ್ಸೆಸ್ಡಿ

ನಾನು ಗಡ್ಡ ಬೋಳಿಸ್ಕಳ್ಳೋದು ಒಂದು ಹಾರ್ಡ್ ಡಿಸ್ಕಿನಾಗ ಮಾರಿ ನೋಡ್ಕಂತ. ಸುಳ್ಳಲ್ರಿ. ಹಳೇ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಬಿಚ್ಚಿದ್ರ ಒಳಗ ಅಂಗೈ ಅಗಲದ ಒಂದು ತಟ್ಟಿ ಇರ್ತೈತಿ. ಅಷ್ಟು ನುಣುಪಿನ, ಅಷ್ಟು ಹೊಳಪಿನ ಕನ್ನಡಿ ನಮ್ಮ ಹಗರಿಬೊಮ್ಮನಹಳ್ಳಿ ಬಜಾರದಾಗ ಯಾವ ಅಂಗಡ್ಯಾಗೂ ಸಿಗಂಗಿಲ್ಲ. ನಡುವ ಒಂದು ತೂತು ಐತಿ, ಅದೊಂದ ತ್ರಾಸು. ಆ ತೂತಿಗೆ ದಾರ ಪೋಣಿಸಿ ಬಚ್ಚಲ ಗ್ವಾಡಿಗೆ ತೂಗುಹಾಕೀನಿ. ಎಡಗಲ್ಲ ಕಾಣ್ತೈತಿ, ಬಲಗಲ್ಲ ಕಾಣ್ತೈತಿ, ಮೂಗು ಇರೋ ಜಾಗದಾಗ ಮಾತ್ರ ಗ್ವಾಡಿ ಸುಣ್ಣ ಕಾಣ್ತೈತಿ. ನಮ್ಮವ್ವ ನೋಡಿದಾಗೆಲ್ಲ, "ಮೂಗಿಲ್ದ ಮಾರಿ ನೋಡ್ಕಂಡು ಏನು ಚಂದ ಆಗ್ತಿಯೋ" ಅಂತಾಳ. ಆದ್ರ ಆ ತಟ್ಟಿ ಮ್ಯಾಲ ಮೊದ್ಲು ಏನಿತ್ತು ಅನ್ನೋದು ಆಕಿಗೆ ಬಾಳ ದಿನ ಗೊತ್ತಿದ್ದಿಲ್ಲ. ಗೊತ್ತಿದ್ರ ನನ್ನ ಖರೇ ಮೂಗೂ ಉಳೀತಿದ್ದಿಲ್ಲ.

ಅದನ್ನ ಹೇಳಾಕ ಕುಂತೀನಿ. ನೆಟ್ಟಗ ಹೇಳಾಕ ನನಗ ಬರಂಗಿಲ್ಲ, ನೀವ ಸ್ವಲ್ಪ ಸಂಭಾಳಿಸ್ಕಳ್ರಿ.

ನಾನೇನು ಕಂಪ್ಯೂಟರ್ ಓದಿದವಲ್ಲ. ಒಂದು ಆಫೀಸಿನಾಗ ಕುಂತು ದಿನಾ ಹೆಸರು, ಊರು, ಸರ್ವೆ ನಂಬರು ಟೈಪ್ ಮಾಡೋದು ನನ್ನ ಕೆಲಸ. ರಿಪೇರಿ ಕಲ್ತಿದ್ದು ಮೊಬೈಲಿನಾಗ ವಿಡಿಯೋ ನೋಡಿ. ಅವು ಹಿಂದಿಯಾಗಿರ್ತಿದ್ವು. ನನಗ ಅರ್ಧ ತಿಳೀತಿತ್ತು, ಇನ್ನರ್ಧ ಸ್ಕ್ರೂ ಬಿಚ್ಚಿದಮ್ಯಾಲ ತಿಳೀತಿತ್ತು. ಈಗ ಐತವಾರ ಬಂತಂದ್ರ ಯಾರಾದ್ರೂ ಒಬ್ರು ಫೋನ್ ಮಾಡಿ ಅದನ್ನ ಕೇಳ್ತಾರ: "ಪವ್ಯಾ, ಹಾರ್ಡ್ ಡಿಸ್ಕ್ ಹಾಕ್ಸಲೋ, ಎಸ್ಸೆಸ್ಡಿ ಹಾಕ್ಸಲೋ?" ಒಂದು ಕಾಲದಾಗ ನಾನು ಅವರು ಕೇಳಿ ಮುಗಿಸೋದ್ರಾಗ "ಎಸ್ಸೆಸ್ಡಿ!" ಅಂತಿದ್ದೆ. ಈಗ ಒಂದು ಸಲ ಉಗುಳು ನುಂಗ್ತೀನಿ.

ಯಾಕ ಹಂಗ ಎಗರ್ತಿದ್ದೆ ಅಂದ್ರ, ಅದಕ್ಕ ಹಡಗಲಿ ಸಾಲಿ ಕಾರಣ. ನಾನು ಅಲ್ಲಿ ಹಾಸ್ಟೆಲಿನಾಗ ಇದ್ದು ಓದಿದವ. ವಾರಕ್ಕ ಒಂದ ಕಂಪ್ಯೂಟರ್ ಪಿರೇಡು, ನಲವತ್ತು ನಿಮಿಷ. ಮಾಸ್ತರು ಹೂವಿನ ಚಿತ್ರದ ಹೊದಿಕಿ ತೆಗೆದು, ಮಡಚಿ, ಕುರ್ಚಿ ಮ್ಯಾಲ ಇಟ್ಟು, ಬಟನ್ ಒತ್ತಿ, "ಹ್ಞೂಂ, ಇನ್ನ ಕೈ ಕಟ್ಟಿ ಕುಂದರ್ರಿ" ಅಂತಿದ್ರು. ಕುಂತ್ವಿ. ಪರದಿ ಕರ್ರಗ. ಒಬ್ಬ ನೀರು ಕುಡದು ಬರ್ತಿದ್ದ. ಇನ್ನೊಬ್ಬ ಒಂದಕ್ಕ ಹೋಗಿ ಬರ್ತಿದ್ದ. ಮಲ್ಲಿಗಿ ಹೊಲದ ಕಡಿ ಕಿಟಕಿ ಇತ್ತು, ಅಲ್ಲಿ ಮೊಗ್ಗು ಬಿಡಿಸೋ ಹೆಣ್ಮಕ್ಕಳು ಒಂದು ಸಾಲು ಮುಗಿಸಿ ಇನ್ನೊಂದು ಸಾಲಿಗೆ ಬರ್ತಿದ್ರು. ಅಷ್ಟೊತ್ತಿಗೆ ಪರದಿ ನೀಲಿ ಆಗ್ತಿತ್ತು. ನಾವೆಲ್ಲ "ಹೋ!" ಅಂತಿದ್ವಿ. ಮೌಸ್ ನನ್ನ ಕೈಗೆ ಬರೋದ್ರಾಗ ಗಂಟಿ ಹೊಡೀತಿತ್ತು. ಮೂರು ವರ್ಷ ಕಂಪ್ಯೂಟರ್ ಕಲ್ತೆ ಅಂತ ಸರ್ಟಿಫಿಕೇಟ್ ಐತಿ ನೋಡ್ರಿ, ನಾನು ಕಲ್ತಿದ್ದು ಹೊದಿಕಿ ಮಡಚೋದು.

ಹಿಂಗಿದ್ದವ ಮೊದಲನೇ ಸಲ ಒಂದು ಹಳೇ ಕಂಪ್ಯೂಟರಿಗೆ ಎಸ್ಸೆಸ್ಡಿ ಹಾಕಿ ಬಟನ್ ಒತ್ತಿದೆ. ಒತ್ತಿ ಕುರ್ಚಿ ಎಳ್ಕಳ್ಳಾಕ ಹಿಂದ ತಿರುಗಿದೆ. ಮುಂದ ತಿರುಗಿದ್ರ ಎಲ್ಲಾ ಬಂದು ನಿಂತೈತಿ, "ಏನಪ್ಪಾ, ಏನು ಬೇಕಿತ್ತು?" ಅನ್ನೋ ಹಂಗ. ನಾನು ಕುಂದ್ರಲೇ ಇಲ್ಲ. ನಿಂತಕಂತನ ಏಳು ಸಲ ಆಫ್ ಮಾಡಿ ಆನ್ ಮಾಡಿದೆ.

ಎರಡಕ್ಕೂ ಏನು ಫರಕು ಅಂತ ಗೊತ್ತಿಲ್ದವರಿಗೆ ನಾನು ಹೇಳೋದು ಹಿಂಗ. ಹಾರ್ಡ್ ಡಿಸ್ಕ್ ಅಂದ್ರ ದೊಡ್ಡ ಕಿರಾಣಿ ಅಂಗಡಿ. ನೀವು ಬೆಲ್ಲ ಅಂದ್ರ ಆಳು ಎದ್ದು, ಹಿಂದಿನ ಗೋಡೌನಿಗೆ ಹೋಗಿ, ಹುಡುಕಿ ತರಬೇಕು. ಒಳಗ ಖರೇನ ಒಂದು ತಟ್ಟಿ ತಿರುಗ್ತಿರ್ತೈತಿ, ಅದರ ಮ್ಯಾಲ ಒಂದು ಸಣ್ಣ ಮುಳ್ಳು ಮುಟ್ಟೈತೋ ಮುಟ್ಟಿಲ್ಲೋ ಅನ್ನೋ ಹಂಗ ಓಡಾಡ್ತಿರ್ತೈತಿ. ಎಸ್ಸೆಸ್ಡಿ ಅಂದ್ರ ಪಾನ್ ಅಂಗಡಿ. ಅವ ಕುಂತಲ್ಲಿಂದ ಏಳಂಗಿಲ್ಲ. ಎಲಿ, ಸುಣ್ಣ, ಅಡಿಕಿ ಎಲ್ಲಾ ಕೈ ಅಳತ್ಯಾಗ. ಒಳಗ ತಿರುಗೋದಿಲ್ಲ, ಓಡೋದಿಲ್ಲ, ಬಿದ್ರೂ ಜಗ್ಗಂಗಿಲ್ಲ.

ಬೀಳೋದು ಅಂದಕೂಡ್ಲೇ ನೆನಪಾತು. ಒಂದ್ಸಲ ಹರಪನಹಳ್ಳಿಯಿಂದ ಒಬ್ಬರ ಹಾರ್ಡ್ ಡಿಸ್ಕ್ ತಗೊಂಡು ಬಸ್ಸಿನಾಗ ಬರಾಕತ್ತಿದ್ದೆ. ಅಲುಗಾಡಿದ್ರ ಮುಳ್ಳು ತಟ್ಟಿಗೆ ಗೀಚ್ತೈತಿ ಅಂತ ವಿಡಿಯೋದಾಗ ನೋಡಿದ್ದೆ, ಆದ್ರ ಅದು ಚಾಲೂ ಇದ್ದಾಗ ಬಾಳ ಅನ್ನೋ ಮಾತು ಹಿಂದಿಯಾಗ ತಪ್ಪಿಸ್ಕಂಡಿತ್ತು. ಟವೆಲ್ಲಿನಾಗ ಸುತ್ತಿ, ತೊಡಿ ಮ್ಯಾಲ ಇಟ್ಕಂಡು, ಹಂಪ್ ಬಂದಾಗೆಲ್ಲ ಸೀಟಿನಿಂದ ಅರ್ಧ ಎದ್ದು ನಿಲ್ತಿದ್ದೆ. ಚಿಗಟೇರಿ ಕ್ರಾಸು ದಾಟಿದಮ್ಯಾಲ ಕಂಡಕ್ಟರು ತಡಕಳ್ಳಲಿಲ್ಲ.

"ಏನು ತಮ್ಮಾ, ಒಳಗ ಮೊಟ್ಟಿ ಅದಾವೇನು?"

"ಇಲ್ರಿ, ಹಾರ್ಡ್ ಡಿಸ್ಕು."

"ಹಾರ್ಡ್ ಅಂತಿ, ಮತ್ತ ಬಾಣಂತಿ ಕುಂತಂಗ ಕುಂತೀಯಲ್ಲ!"

ಇಡೀ ಬಸ್ಸು ನಕ್ತು. ನಾನೂ ನಕ್ಕೆ, ಆದ್ರ ಕುಂದ್ರಲಿಲ್ಲ. ಎಸ್ಸೆಸ್ಡಿ ಮ್ಯಾಲ ನನ್ನ ಪ್ರೀತಿ ಅವತ್ತು ಇನ್ನೂ ಜಾಸ್ತಿ ಆತು. ಕಟಿಂಗ್ ಅಂಗಡ್ಯಾಗ, ಮದುವಿ ಪಂಕ್ತ್ಯಾಗ, ರೈಲು ಕಾಯೋದ್ರಾಗ, ಕೇಳಿದವರಿಗೂ ಕೇಳದವರಿಗೂ ಅದನ್ನ ಹೇಳಾಕ ಶುರು ಮಾಡಿದೆ.

ಹಂಗ ಹೇಳಿ ಸಿಗಹಾಕ್ಕಂಡಿದ್ದು ನಮ್ಮ ಸಣ್ಣಮ್ಮನ ಹತ್ರ.

ಸಣ್ಣಮ್ಮ ಅಂದ್ರ ನಮ್ಮವ್ವನ ತಂಗಿ, ಹುಲಿಗೆಮ್ಮ. ಕೊಟ್ಟೂರಿನಾಗ ಮನಿ ಮುಂದಿನ ಖೋಲ್ಯಾಗ ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿ ಇಟ್ಟಾಳ. ಬ್ಲೌಸಿನ ಬೆನ್ನಿಗೆ, ತೋಳಿಗೆ ಹೂವು, ಬಳ್ಳಿ, ಹಕ್ಕಿ ಹಾಕೋ ಮೆಷಿನ್ನು. ಬೇರೆ ಅಂಗಡಿಯವರು ರೆಡಿಮೇಡ್ ಡಿಸೈನ್ ತಂದು ಹಾಕ್ತಾರ, ಈಕಿ ತಾನ ಬಿಡಿಸ್ತಾಳ. ಮೊದ್ಲು ಹಳೇ ಕ್ಯಾಲೆಂಡರಿನ ಹಿಂದ ಪೆನ್ಸಿಲ್ಲಿನಾಗ, ಆಮ್ಯಾಲ ಕಂಪ್ಯೂಟರಿನಾಗ, ಒಂದೊಂದು ಹೊಲಿಗಿ ಎಲ್ಲಿ ಶುರು ಆಗಬೇಕು, ಎಲ್ಲಿ ಮುಗಿಬೇಕು ಅಂತ ಅದಕ್ಕ ಹೇಳಿಕೊಟ್ಟು. ಏಳನೇ ಕ್ಲಾಸೂ ಮುಗಿಸದ ಹೆಂಗಸು! ನಾನು ವಿಡಿಯೋ ನೋಡಿ ಕಲ್ತೆ ಅಂತ ಮೆರೀತೀನಲ್ಲ, ಆಕಿ ವಿಡಿಯೋನೂ ನೋಡಿಲ್ಲ.

ನಾಕು ವರ್ಷದ ಹಿಂದ ಆಕಿ ಬಿಡಿಸಿದ್ದ ಒಂದು ನವಿಲನ್ನ ಯಾರೋ ಅಂಗಡ್ಯಾಗ ಕುಂತಂಗ ಮಾಡಿ ಪೆನ್ ಡ್ರೈವಿಗೆ ಹಾಕ್ಕಂಡು ಹೋದ್ರು. ವಾರದಾಗ ಬಜಾರದ ಮೂರು ಅಂಗಡ್ಯಾಗ ಅದ ನವಿಲು. ಆಕಿ ನನ್ನ ಕರಿಸಿದ್ಲು.

"ಕೂಡ್ಲಿಗಿತನಕ ಹೆಣ್ಮಕ್ಕಳ ಬೆನ್ನ ಮ್ಯಾಲ ನನ್ನ ನವಿಲು ಕುಂತು ತಿರುಗಾಕತ್ತೈತಲೇ. ಹೋಗ್ಲಿ ಬಿಡು. ಆದ್ರ ರೇಖಾನವು ಹೋಗಬಾರದು."

ರೇಖಾ ಆಕಿಗಿರೋ ಒಬ್ಬಾಕಿನ ಮಗಳು. ದಾವಣಗೆರಿ ಆಸ್ಪತ್ರ್ಯಾಗ ನರ್ಸು. ಮಗಳ ಮದುವಿಗಂತ ತಾಯಂದಿರು ತಟ್ಟಿ, ತಂಬಿಗಿ, ಸೀರಿ ಕೂಡಿಸಿ ಟ್ರಂಕಿಗೆ ಹಾಕ್ತಾರಲ್ಲ, ಸಣ್ಣಮ್ಮ ಅದರ ಜೊತಿಗೆ ಡಿಸೈನ್ ಕೂಡಿಸಿದ್ಲು. ಬಿಡುವಾದಾಗೆಲ್ಲ ಬಿಡಿಸಿ ಬಿಡಿಸಿ, ಹನ್ನೊಂದು. ರೇಖಾನ ಮದುವ್ಯಾಗ ರೇಖಾನ ಮೈ ಮ್ಯಾಲ ಬಿಟ್ರ ಬೇರೆ ಯಾರ ಮೈ ಮ್ಯಾಲೂ ಬರಬಾರದು. ಕಾಗದದಾಗ ಇದ್ದಿದ್ದೆಲ್ಲ ಒಲಿಗೆ ಹಾಕಿದ್ಲು, ಯಾರ ಕಣ್ಣಿಗೂ ಬೀಳಬಾರದಂತ. ಕಂಪ್ಯೂಟರಿನಾಗೂ ಇರಬಾರದು, ಟ್ರಂಕಿನಾಗ ಇಡೋ ಹಂಗ ಏನಾದ್ರೂ ಮಾಡಿಕೊಡು ಅಂದ್ಲು.

ನನಗ ಅಷ್ಟು ಸಾಕಾತು. ಬೆಂಕಿಪೆಟಗಿಗಿಂತ ಸ್ವಲ್ಪ ಉದ್ದ ಇರೋ ಒಂದು ಎಸ್ಸೆಸ್ಡಿ ತಂದು ಹನ್ನೊಂದೂ ಅದಕ್ಕ ಹಾಕಿದೆ. ಖರೇ ಹೇಳ್ಬೇಕಂದ್ರ ಆ ಹನ್ನೊಂದು ಕೂಡಿದ್ರ ಮೊಬೈಲಿನ ಒಂದು ಫೋಟೋದಷ್ಟೂ ಆಗಂಗಿಲ್ಲ. ಹಳೇ ಪೆನ್ ಡ್ರೈವ್ ಒಂದು ಸಾಕಿತ್ತು. ಗುಬ್ಬಿ ಇಡಾಕ ಬಸ್ ಸ್ಟ್ಯಾಂಡ್ ಕಟ್ಟಿಕೊಟ್ಟಂಗ ಆತು. ಆದ್ರ ನನ್ನ ಹುಮ್ಮಸ್ಸು ನಿಲ್ಲಬೇಕಲ್ಲ!

"ನೋಡು ಸಣ್ಣಮ್ಮಾ, ಇದರಾಗ ತಿರುಗೋದು ಇಲ್ಲ, ಸವೆಯೋದು ಇಲ್ಲ. ವೈರು ಚುಚ್ಚಿದಾಗ ಈ ನೀಲಿ ದೀಪ ಹತ್ತಿದ್ರ ಜೀವಂತ ಐತಿ ಅಂತ. ಟ್ರಂಕಿನಾಗಿಟ್ಟು ಮರ್ತುಬಿಡು. ಮೊಮ್ಮಗಳ ಮದುವಿತನಕ ಬರ್ತೈತಿ."

"ಮೊದ್ಲು ಮಗಳದಾಗ್ಲಿ ತಗಿ" ಅಂದ್ಲು.

ಕಂಪ್ಯೂಟರ್ ಒಳಗಿದ್ದ ಹಳೇ ಹಾರ್ಡ್ ಡಿಸ್ಕನ್ನೂ ತೆಗೆದು ಹೊಸಾದು ಹಾಕಿದೆ. ಹಳೇದು ನಾನ ತಗೊಂಡೆ. "ಇದರಾಗ ಇನ್ನೂ ಹನ್ನೊಂದೂ ಅದಾವು, ಒಂದು ನಕಲು ನನ್ನ ಹತ್ರ ಇರ್ಲಿ, ಜ್ವಾಪಾನ ಮಾಡ್ತೀನಿ" ಅಂತ ಮಾತು ಕೊಟ್ಟೆ. ಜ್ವಾಪಾನ ಮಾಡಿದೆ ಕೂಡ, ಒಂದೂವರಿ ತಿಂಗಳು. ಆಮ್ಯಾಲ ಒಂದು ಐತವಾರ ಮಧ್ಯಾಹ್ನ ಕೆಲಸ ಇದ್ದಿಲ್ಲ, ಕೈಯಾಗ ಸ್ಕ್ರೂ ಡ್ರೈವರ್ ಇತ್ತು. ಒಳಗ ಹೆಂಗಿರ್ತೈತಿ ನೋಡಿ ಮತ್ತ ಮುಚ್ಚಿದ್ರಾತು ಅನ್ಕಂಡೆ. ಅದು ಅಡಿಗಿ ಮನಿ ಡಬ್ಬಿ ಅಲ್ಲ, ಧೂಳು ಹೊಕ್ರ ಮುಗೀತು ಅಂತ ಗೊತ್ತಾಗೋದ್ರಾಗ ನಾನು ಅದರಾಗ ನನ್ನ ಹಲ್ಲು ನೋಡ್ಕಳ್ಳಾಕತ್ತಿದ್ದೆ. ಹೆಂಗೂ ಟ್ರಂಕಿನಾಗ ಒಂದು ಐತಲ್ಲ, ಅದಕ್ಕೇನಾಕೈತಿ ಅಂತ ದಾರ ಹುಡುಕಿದೆ.

ಈಗ ಗೊತ್ತಾತಲ್ರಿ ಬಚ್ಚಲದಾಗ ತೂಗಾಡೋದು ಏನು ಅಂತ.

ಈ ವರ್ಷ ಸಣ್ಣಮ್ಮ ಫೋನ್ ಮಾಡಿದ್ಲು. "ಪವ್ಯಾ, ರೇಖಾನ ಲಗ್ನ ಗೊತ್ತಾತು. ಹುಡುಗ ದಾವಣಗೆರ್ಯಾವ. ಬರೋ ಐತವಾರ ಬಾ, ಡಿಸೈನ್ ತೆಗೆದು ಮೆಷಿನ್ನಿಗೆ ಹಾಕೋಣು." ನಾನು ಖುಷಿಯಾಗಿ ಹ್ಞೂಂ ಅಂದೆ. ಆ ಖುಷ್ಯಾಗ ಕಾನಹೊಸಹಳ್ಳಿಗೆ ಹೋದೆ, ಗೆಳೆಯ ಸಿದ್ದನ ಅಂಗಡಿಗೆ.

ಸಿದ್ದಂದು ಹೈವೇ ಪಕ್ಕ ಕಂಪ್ಯೂಟರ್ ರಿಪೇರಿ ಅಂಗಡಿ. ಲಾರಿ ಹೋದಾಗೆಲ್ಲ ಸ್ಕ್ರೂ ಡಬ್ಬಿ ಗಿಲಿಗಿಲಿ ಅಂತೈತಿ. ಅಂಥಾ ಕಡಿ ಕುಂತೂ ಅವ ಹಾರ್ಡ್ ಡಿಸ್ಕ್ ಪಾರ್ಟಿ. ನಾನು ಎಸ್ಸೆಸ್ಡಿ ಪಾರ್ಟಿ. ಕೂಡಿದಾಗೆಲ್ಲ ಜಗಳ. ಅವತ್ತು ನಾನು ಗೆದ್ದೆ ಅನ್ನೋ ಹಂಗ ಹೇಳಿದೆ: "ನಮ್ಮ ಸಣ್ಣಮ್ಮ ನಾಕು ವರ್ಷದಿಂದ ಟ್ರಂಕಿನಾಗ ಇಟ್ಟಾಳ ಲೇ. ಒಂದು ಗೀರೂ ಬಿದ್ದಿರಂಗಿಲ್ಲ."

ಸಿದ್ದ ಚಾ ಕುಡಿಯೋದು ಬಿಟ್ಟ. "ನಾಕು ವರ್ಷ? ತಗದಾ ಇಲ್ಲೇನು?"

"ಯಾಕ ತೆಗೀಬೇಕು?"

"ಟ್ರಂಕು ಎಲ್ಲೈತಿ?"

"ಹಿಂದಿನ ಖೋಲ್ಯಾಗ. ತಗಡಿನ ಶೀಟು."

"ನಾಕು ಬ್ಯಾಸಿಗಿ. ತಗಡಿನ ಕೆಳಗ. ಕರೆಂಟಿಲ್ದ." ಅವ ಬೆರಳು ಮಡಚಿದ. "ಲೇ ಹುಚ್ಚಪ್ಪಾ, ಎಸ್ಸೆಸ್ಡಿ ಅಂದ್ರ ಮಣ್ಣಿನ ಕೊಡದಾಗ ನೀರಿಟ್ಟಂಗ. ಒಳಗ ಕರೆಂಟಿನ ಹನಿ ಹಿಡಿದಿಟ್ಟಿರ್ತೈತಿ. ಸುಮ್ನ ಇಟ್ರ ಜಿನುಗ್ತೈತಿ. ಸೆಕಿ ಇದ್ರ ಇನ್ನೂ ಜಲ್ದಿ. ವರ್ಷಗಟ್ಲೆ ಮುಚ್ಚಿಡಾಕ ಹಾರ್ಡ್ ಡಿಸ್ಕ್ ವಾಸಿ ಅಂತ ನಾನು ಹೇಳಿದಾಗ ನೀನು ನಕ್ಕಿದ್ದಿ."

"ಹೋಗಿರ್ತೈತಿ ಅಂತೀಯಾ?"

"ಹೋಗಿರಬಹುದು, ಇರಬಹುದು. ಒಂದೊಂದು ಒಂದೊಂದು ಥರ. ಹೆದರಬ್ಯಾಡ, ಹಳೇ ಹಾರ್ಡ್ ಡಿಸ್ಕ್ ನಿನ್ನ ಹತ್ರ ಐತಲ್ಲ?"

ನಾನು ಗಲ್ಲ ಸವರಿಕಂಡೆ. ಅವತ್ತ ಬೆಳಿಗ್ಗೆ ಬೋಳಿಸಿದ್ದೆ.

ಮೊಬೈಲಿನಾಗ ಹುಡುಕಿದೆ. ಸಿದ್ದ ಹೇಳಿದ್ದು ಖರೇ. ಎಷ್ಟು ವರ್ಷಕ್ಕ ಜಿನುಗಿ ಖಾಲಿ ಆಕೈತಿ ಅಂತ ಮಾತ್ರ ಒಬ್ಬೊಬ್ಬ ಒಂದೊಂದು ಹೇಳ್ತಾನ. ಆ ವಾರ ಆಫೀಸಿನಾಗ ಒಬ್ಬರ ಊರು ತಂಬ್ರಹಳ್ಳಿ ಇದ್ದಿದ್ದು ತಪ್ಪಿ "ಟ್ರಂಕ್‌ಹಳ್ಳಿ" ಅಂತ ಟೈಪ್ ಮಾಡಿ ಸಾಹೇಬರ ಕಡಿಯಿಂದ ಉಗುಳಿಸ್ಕಂಡೆ.

ಐತವಾರ ಕೊಟ್ಟೂರಿಗೆ ಹೋದೆ. ಸಣ್ಣಮ್ಮ ಬಾಗಲದಾಗ ನಿಂತಿದ್ಲು. ಮೆಷಿನ್ನಿಗೆ ಎಣ್ಣಿ ಬಿಟ್ಟು, ದಾರದ ಉಂಡಿ ಸಾಲಾಗಿ ಜೋಡಿಸಿ, ಕೆಂಪು ರೇಷ್ಮಿ ಬಟ್ಟಿ ಫ್ರೇಮಿಗೆ ಬಿಗದು ಇಟ್ಟಿದ್ಲು.

"ಸಣ್ಣಮ್ಮಾ, ಒಂದು ಮಾತು. ಮೆಷಿನ್ ಅಂದ್ಮ್ಯಾಲ ಒಂದೊಂದ್ಸಲ..."

"ಏನು ಒಂದೊಂದ್ಸಲ?"

"ಏನಿಲ್ಲ, ಬಾಳ ಸೆಕಿ ಇತ್ತಲ್ಲ ಈ ವರ್ಷ..."

"ಪವ್ಯಾ, ನೀನು ಸಣ್ಣವಿದ್ದಾಗ ಬೆಲ್ಲದ ಡಬ್ಬಿ ಖಾಲಿ ಮಾಡಿ ಹಿಂಗ ನಿಂತಿದ್ದಿ. ಏನು ಮಾಡೀದಿ ಹೇಳು."

"ಮೊದ್ಲು ಟ್ರಂಕ್ ತಗೀ" ಅಂದೆ.

"ಟ್ರಂಕ್ ಯಾಕ ತಗೀಲಿ? ಅದು ಟ್ರಂಕಿನಾಗ ಎಲ್ಲೈತಿ?"

ಆಕಿ ಒಳಗ ಹೋಗಿ, ದೇವರ ಜಗಲಿ ಮ್ಯಾಲಿಂದ ಒಂದು ಹಿತ್ತಾಳಿ ತಟ್ಟಿ ತಂದ್ಲು. ಅದರಾಗ ನನ್ನ ಎಸ್ಸೆಸ್ಡಿ. ಗುರ್ತು ಸಿಗಲಿಲ್ಲ ನನಗ. ಮೂರು ಎಳಿ ವಿಭೂತಿ, ನಡುವ ಕುಂಕುಮ, ಕುಂಕುಮದ ಮ್ಯಾಲ ಕುಂಕುಮ, ಒಂದು ಬೆರಳು ದಪ್ಪ. ವೈರು ಚುಚ್ಚೋ ತೂತಿನ ಬಾಯಾಗೂ ಅರಿಷಿಣ.

"ಇದೇನು ಸಣ್ಣಮ್ಮಾ!"

"ಅಮಾಸಿಗೊಮ್ಮೆ ಅಂಗಡಿ ಪೂಜಿ ಮಾಡ್ತೀವಲ್ಲ. ಮೆಷಿನ್ನಿಗೆ ಮಾಡ್ತೀನಿ, ಕತ್ರಿಗೆ ಮಾಡ್ತೀನಿ, ಕಂಪ್ಯೂಟರಿಗೆ ಮಾಡ್ತೀನಿ. ಮಗಳ ಮದುವಿ ಸಾಮಾನು ಇದರಾಗೈತಿ, ಇದಕ್ಕ ಬಿಡಾಕ ಬರ್ತೈತೇನು?"

"ಹಂಗಂದ್ರ ಬರೇ ಕುಂಕುಮ ಹಚ್ಚಿ ಇಟ್ಟೀಯೇನು?"

"ದೀಪ ಇಲ್ದ ಯಾವ ಪೂಜಿ ಆಕೈತಲೇ? ನೀನ ಹೇಳಿದ್ದಿಯಲ್ಲ, ನೀಲಿ ದೀಪ ಹತ್ತಿದ್ರ ಜೀವಂತ ಐತಿ ಅಂತ. ವೈರು ಚುಚ್ಚಿ ಅದರ ದೀಪ ಹಚ್ತೀನಿ, ಮುಂದ ಎಣ್ಣಿ ದೀಪ ಹಚ್ತೀನಿ. ಎಣ್ಣಿದು ಆರಿದಮ್ಯಾಲ ಇದನ್ನೂ ತೆಗೀತೀನಿ. ಬಿಚ್ಚಿ ಮಾತ್ರ ನೋಡಿಲ್ಲಪ್ಪಾ, ಲಗ್ನದಕಿಂತ ಮೊದ್ಲು ನೋಡಬಾರದು."

ನಾಕು ವರ್ಷ. ಒಂದು ಅಮಾಸಿನೂ ತಪ್ಪಿಸಿಲ್ಲ. ನಾನು ಹಲ್ಲುಜ್ಜೋ ಹಳೇ ಬ್ರಶ್ಶು ಇಸಕಂಡು ತೂತಿನ ಬಾಯಾಗಿನ ಅರಿಷಿಣ ಕೆರದು, ವೈರು ಚುಚ್ಚಿದೆ. ನೀಲಿ ದೀಪ ಹತ್ತಿತು. ಆಕಿಗೆ ಅಷ್ಟು ಸಾಕಿತ್ತು, ನನಗ ಸಾಕಿದ್ದಿಲ್ಲ. ದೀಪ ಹತ್ತಿದ್ರೂ ಒಳಗ ಏನೂ ಇಲ್ದ ಇರಬಹುದು ಅಂತ ಆಕಿಗೆ ಹೆಂಗ ಹೇಳ್ಲಿ?

ಒಂದನೇದು ಒತ್ತಿದೆ. ಮಲ್ಲಿಗಿ ಮೊಗ್ಗಿನ ಸಾಲು ಬಂತು, ತೋಳಿನ ಅಂಚಿಗೆ. ಎರಡನೇದು, ಜೋಳದ ತೆನಿ. ಮೂರನೇದು ಹುಣಸಿ ಹೂವು, ನಾಕನೇದು ಗಿಣಿ ಜೋಡಿ. ಐದನೇದಕ್ಕ ಪರದಿ ಮ್ಯಾಲ ಆ ದುಂಡನ್ನ ಗುರ್ತು ತಿರುಗಾಕ ಹತ್ತಿತು. ತಿರುಗ್ತು, ತಿರುಗ್ತು. ಸಣ್ಣಮ್ಮ ನನ್ನ ಮಾರಿ ನೋಡಿದ್ಲು, ಪರದಿ ನೋಡಿದ್ಲು, ಮತ್ತ ನನ್ನ ಮಾರಿ ನೋಡಿದ್ಲು. "ಇದು ದೊಡ್ಡದೈತಿ, ಬೆನ್ನಿಂದು. ತಡಿ" ಅಂತ ನನಗ ಧೈರ್ಯ ಹೇಳಿದ್ಲು. ಬಂತು ನೋಡ್ರಿ! ಒಂದು ದೊಡ್ಡ ಬಳ್ಳಿ, ಎಲಿ ಎಲಿಗೂ ಒಂದೊಂದು ಹಸಿರು, ತುದ್ಯಾಗ ಒಂದು ಸಣ್ಣ ಹಕ್ಕಿ ಹಿಂದ ತಿರುಗಿ ನೋಡ್ತೈತಿ. ಹನ್ನೊಂದೂ ಬಂದ್ವು. ಸಣ್ಣಮ್ಮ ಕುರ್ಚಿ ಎಳ್ಕಂಡು ಕುಂತ್ಲು.

ಪೂಜಿಯಿಂದನ ಉಳಿದ್ವೋ, ಹಂಗ ಬಿಟ್ರೂ ಉಳೀತಿದ್ವೋ ನನಗ ಗೊತ್ತಿಲ್ಲ. ತಿಂಗಳಿಗೊಮ್ಮೆ ಕರೆಂಟ್ ಸಿಕ್ರ ಅದು ತನ್ನ ತಾನ ಸಂಭಾಳಿಸ್ಕಂತೈತಿ ಅಂತ ಬಲ್ಲವರು ಹೇಳ್ತಾರ. ಸಿದ್ದಗ ಫೋನ್ ಮಾಡಿ ಹೇಳಿದೆ. ಅವ, "ನಿಮ್ಮ ಸಣ್ಣಮ್ಮನ್ನ ನನ್ನ ಅಂಗಡಿಗೆ ಕಳಸು, ನೀನು ಅಲ್ಲಿ ಕುಂತು ಆಕಿ ಮೆಷಿನ್ನಿಗೆ ಎಣ್ಣಿ ಬಿಡು" ಅಂದ.

ಆದ್ರ ಸಣ್ಣಮ್ಮ ಬಿಡೋ ಆಸಾಮಿ ಅಲ್ಲ. ಚಾ ಕೊಟ್ಟು ಎದುರಿಗೆ ಕುಂತು ಕೇಳಿದ್ಲು, "ಅಲ್ಲೋ, ಇದು ಹೋಗಿದ್ರೂ ನಿನ್ನ ಹತ್ರ ಇನ್ನೊಂದು ಐತಲ್ಲ. ಮತ್ತ್ಯಾಕ ನಿನ್ನ ಮಾರಿ ಸುಣ್ಣ ಆಗಿತ್ತು?"

ಹೇಳಿದೆ. ಎಲ್ಲಾ ಹೇಳಿದೆ. ದಾರ, ಬಚ್ಚಲು, ಗಡ್ಡ.

"ನನ್ನ ಮಗಳ ಮದುವಿ ಡಿಸೈನಿನಾಗ ಗಡ್ಡ ಬೋಳಿಸ್ಕಂಡ್ಯಾ ಭಾಡ್ಯಾ!" ಅಂತ ಕೈಯಾಗಿನ ಟೇಪು ನನ್ನ ಬೆನ್ನಿಗೆ ಬೀಸಿದ್ಲು. ಎರಡನೇ ಏಟಿಗೆ ನಗು ಬಂತು ಆಕಿಗೆ. ಮೂರನೇದು ಅರ್ಧಕ್ಕ ನಿಂತಿತು. ಅವತ್ತ ಸಂಜಿ ನಮ್ಮವ್ವಗೂ ಫೋನ್ ಹೋತು, ಅದು ಬ್ಯಾರೆ ಕತಿ.

ಮುಂದಿನ ಐತವಾರ ಸಿದ್ದನ ಕಡಿಯಿಂದ ಒಂದು ಹಾರ್ಡ್ ಡಿಸ್ಕ್ ತಂದು ಹನ್ನೊಂದನ್ನೂ ಅದಕ್ಕೂ ಹಾಕಿದೆ. ಅವ ನನ್ನ ಮಾರಿ ನೋಡಿ ನಗದಂಗ ಕೊಟ್ಟಿದ್ದ, ಅದನ್ನ ತಡಕಳ್ಳಾಕ ಆಗಲಿಲ್ಲ. ಎರಡನ್ನೂ ಟೇಬಲ್ ಮ್ಯಾಲ ಇಟ್ಟೆ. ಮೆಷಿನ್ನು ಟಕಟಕ ಅಂತ ಕೆಂಪು ರೇಷ್ಮಿ ಮ್ಯಾಲ ಬಳ್ಳಿ ಹಬ್ಬಿಸಾಕತ್ತಿತ್ತು.

"ಇವೆರಡರಾಗ ಒಂದು ರೇಖಾನ ಜೊತಿ ಹೋಗ್ಬೇಕು. ನಾಳೆ ಆಕಿಗೆ ಮಗಳು ಹುಟ್ಟಿದ್ರ ಬೇಕಲ್ಲ. ಯಾವುದು ಕೊಡ್ಲಿ?" ಅಂದ್ಲು ಸಣ್ಣಮ್ಮ.

ಇಷ್ಟು ವರ್ಷದಾಗ ಮೊದಲನೇ ಸಲ ನಾನು ಯೋಚನಿ ಮಾಡಿ ಹೇಳಿದೆ. "ಹಾರ್ಡ್ ಡಿಸ್ಕ್ ಇಲ್ಲಿ ಟ್ರಂಕಿನಾಗ ಇರ್ಲಿ, ಸುಮ್ನ ಇಟ್ರೂ ಅದು ತಡೀತೈತಿ. ಎಸ್ಸೆಸ್ಡಿ ರೇಖಾಗ ಕೊಡು. ಬಸ್ಸು, ರೈಲು, ಎಲ್ಲಿ ತಿರುಗಾಡಿದ್ರೂ ಅದಕ್ಕ ಏನೂ ಆಗಂಗಿಲ್ಲ. ಒಂದ ಮಾತು, ಅದನ್ನ ಮುಚ್ಚಿಟ್ಟು ಮರೀಬಾರದು. ಆಗೀಗ ಕರೆಂಟ್ ಕೊಡಬೇಕು. ವರ್ಷಕ್ಕ ಒಂದೆರಡು ಸಲ ಆದ್ರೂ ಸಾಕು."

"ತಿಂಗಳಿಗೊಮ್ಮೆ ಅಂತ ಹೇಳು" ಅಂದ್ಲು.

"ಅಷ್ಟು ಬ್ಯಾಡ ಸಣ್ಣಮ್ಮಾ."

"ತಿಂಗಳಿಗೊಮ್ಮೆ. ಇಲ್ಲಿಗೆ ಬಂದು ಈ ಕಂಪ್ಯೂಟರಿಗೆ ಹಚ್ಚಿದ್ರ ಮಾತ್ರ ನಡೀತೈತಿ ಅಂತ ಹೇಳು."

"ಯಾವುದಕ್ಕ ಹಚ್ಚಿದ್ರೂ ನಡೀತೈತಿ. ದಾವಣಗೆರ್ಯಾಗ ಕರೆಂಟ್ ಇಲ್ಲೇನು?"

ಸಣ್ಣಮ್ಮ ಮೆಷಿನ್ನಿನ ದಾರ ಕತ್ತರಿಸ್ಕಂತ ತಲಿ ಎತ್ತದ ಅಂದ್ಲು: "ಐತಿ. ಅದನ್ನ ನೀನ್ಯಾಕ ರೇಖಾಗ ಹೇಳಾಕ ಹೋಗ್ತಿ?"